ಓಡುತ್ತಿರುವ ಪ್ರೋಗ್ರಾಮಿನ ಮೆಮೊರಿಯನ್ನು ಹಾಗೆಯೇ ಹೊಸ ಎಕ್ಸಿಕ್ಯೂಟಬಲ್ ಕಡತವಾಗಿ ಉಳಿಸಬಹುದೇ?

ತುಂಗಾತೀರ

ಕನ್ನಡಕ್ಕಾಗಿ ಪದಪರೀಕ್ಷಕವೊಂದನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಪ್ರೋಗ್ರಾಂ ಶುರುವಾದೊಡನೆ ಪದಪಟ್ಟಿಯನ್ನು ಓದುತ್ತದೆ, ನಾಮಪದಗಳಿಗೆ ವಿಭಕ್ತಿಗಳನ್ನೂ ಧಾತುಗಳಿಗೆ ಕಾಲ, ಲಿಂಗ, ವಚನಗಳ ಪ್ರತ್ಯಯಗಳನ್ನೂ ಹಚ್ಚುತ್ತದೆ, ಸಂಧಿ ನಿಯಮಗಳನ್ನು ಅನ್ವಯಿಸುತ್ತದೆ, ಕೊನೆಗೆ ದೊರೆತ ಎಲ್ಲ ರೂಪಗಳನ್ನೂ ಟ್ರೈ ಎಂಬ, ಒಂದೇ ರೀತಿ ಶುರುವಾಗುವ ಪದಗಳು ಒಂದೇ ಕೊಂಬೆಯನ್ನು ಹಂಚಿಕೊಳ್ಳುವ ಮರದಂಥ ರಚನೆಯಲ್ಲಿ ಇಡುತ್ತದೆ. ಮರ, ಮರವನ್ನು, ಮರದಿಂದ, ಮರಕ್ಕೆ, ಮರಗಳಲ್ಲಿಯೂ ಎಂದು ಒಂದೇ ಪದ ಹತ್ತಾರು ರೂಪ ತಾಳುವ ಭಾಷೆ ನಮ್ಮದು. ಹಾಗಾಗಿ ಹುಡುಕಾಟ ಕ್ಷಣಾರ್ಧದಲ್ಲಿ ಮುಗಿದರೂ ಟ್ರೈ ಕಟ್ಟುವುದಕ್ಕೇ ಹಲವು ಸೆಕೆಂಡು ಹಿಡಿಯುತ್ತದೆ. ನನ್ನ ಪಠ್ಯ ಸಂಪಾದಕವೋ ಪ್ರತಿ ಕಡತಕ್ಕೂ ಈ ಪ್ರೋಗ್ರಾಮನ್ನು ಹೊಸದಾಗಿ ಕರೆಯುತ್ತದೆ.

ಕಟ್ಟಿದ ಟ್ರೈ ಪ್ರತಿ ಸಲವೂ ಒಂದೇ. ಹಾಗಿದ್ದಮೇಲೆ ಅದು ಸಿದ್ಧವಾದ ಗಳಿಗೆಯಲ್ಲಿ ಪ್ರೋಗ್ರಾಮಿನ ಇಡೀ ಮೆಮೊರಿಯನ್ನು ಹೊಸ ಎಕ್ಸಿಕ್ಯೂಟಬಲ್ ಕಡತಕ್ಕೆ ಬರೆದುಬಿಟ್ಟು, ಮುಂದಿನ ಸಲದಿಂದ ಅದನ್ನೇ ಓಡಿಸಬಹುದಲ್ಲವೇ? ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಬಹಳ ವರ್ಷ ಇದನ್ನೇ ಮಾಡುತ್ತಿತ್ತು ಎಂದು ಓದಿದ್ದೇನೆ. ಇಂದಿನ ಲಿನಕ್ಸ್‌ನಲ್ಲಿ ಇದು ನಡೆಯುತ್ತದೆಯೇ? ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಎಲ್ಫ್‌ಓದುಗ

ನಡೆಯುತ್ತದೆ, ಆದರೆ ಮಾಡಬೇಡಿ. ಕಾರಣ ತಿಳಿಯಬೇಕಾದರೆ ಈಮ್ಯಾಕ್ಸ್ ಅದನ್ನು ಹೇಗೆ ಮಾಡುತ್ತಿತ್ತು ಎಂಬುದನ್ನು ಒಳಹೊಕ್ಕು ನೋಡಬೇಕು.

ಈ ಉಪಾಯ ಈಮ್ಯಾಕ್ಸ್‌ಗಿಂತ ಹಳೆಯದು. ಪಿಡಿಪಿ-10 ಯಂತ್ರಗಳ ಟಾಪ್ಸ್-10 ವ್ಯವಸ್ಥೆಯಲ್ಲಿ ‘ಸೇವ್’ ಎಂಬ ಆದೇಶವೇ ಇತ್ತು. ಪ್ರೋಗ್ರಾಮನ್ನು ಓಡಿಸಿ, ನಡುವೆ ನಿಲ್ಲಿಸಿ, ಮೆಮೊರಿಯಲ್ಲಿ ಇದ್ದದ್ದನ್ನು ಕಡತಕ್ಕೆ ಉಳಿಸಿದರೆ ಆ ಕಡತವನ್ನು ಮತ್ತೆ ಓಡಿಸಬಹುದಿತ್ತು. ಯುನಿಕ್ಸ್‌ನಲ್ಲಿ ಅಂಥ ಆದೇಶವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ‘ಅನ್‌ಎಕ್ಸೆಕ್’. ಯೂಟಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಥಾಮಸ್ 1982ರಲ್ಲಿ ಬರೆದ ಸಿ ಕಡತವದು. ಪ್ರೋಗ್ರಾಂ ಕಡತವನ್ನು ಮೆಮೊರಿಗೆ ತಂದು ಓಡಿಸುವುದು ‘ಎಕ್ಸೆಕ್’ ಕರೆಯ ಕೆಲಸ. ಓಡುತ್ತಿರುವ ಮೆಮೊರಿಯನ್ನು ಮತ್ತೆ ಕಡತವಾಗಿಸುವುದು ಇದರ ಕೆಲಸ.

ಈಮ್ಯಾಕ್ಸ್‌ನ ತಿರುಳು ಸಿ ಭಾಷೆಯಲ್ಲಿದೆ, ಉಳಿದ ಬಹುಪಾಲು ಲಿಸ್ಪ್ ಭಾಷೆಯಲ್ಲಿದೆ. ಕಂಪೈಲ್ ಆದಾಗ ಮೊದಲು ಸಿಗುವುದು ‘ಟೀಮ್ಯಾಕ್ಸ್’ ಎಂಬ ಬರಿಯ ತಿರುಳು. ಅದು ನಿತ್ಯ ಬೇಕಾಗುವ ಲಿಸ್ಪ್ ಕಡತಗಳನ್ನೆಲ್ಲ ಓದಿಕೊಂಡು, ಬಳಿಕ ಅನ್‌ಎಕ್ಸೆಕ್ ಮೂಲಕ ತನ್ನ ಮೆಮೊರಿಯನ್ನು ‘ಈಮ್ಯಾಕ್ಸ್’ ಎಂಬ ಹೊಸ ಎಕ್ಸಿಕ್ಯೂಟಬಲ್ ಆಗಿ ಬರೆಯುತ್ತಿತ್ತು. ಆ ಕಾಲದ ನಿಧಾನ ಯಂತ್ರಗಳಲ್ಲಿ ಪ್ರತಿ ಸಲವೂ ಅಷ್ಟೊಂದು ಲಿಸ್ಪ್ ಓದಿಸುತ್ತ ಕೂರುವುದು ಯಾರಿಗೂ ಆಗುತ್ತಿರಲಿಲ್ಲ.

ಲಿನಕ್ಸ್‌ನ ಎಕ್ಸಿಕ್ಯೂಟಬಲ್ ರೂಪವಾದ ಇಎಲ್‌ಎಫ್ ಕಡತದಲ್ಲಿ ಇದು ಹೀಗೆ ನಡೆಯುತ್ತದೆ. ಆರಂಭಿಕ ಬೆಲೆಯಿರುವ ಜಾಗತಿಕ ಚರಗಳು ಡೇಟಾ ವಿಭಾಗದಲ್ಲಿರುತ್ತವೆ. ಸೊನ್ನೆಯಿಂದ ಶುರುವಾಗುವ ಚರಗಳು ಬಿಎಸ್‌ಎಸ್ ವಿಭಾಗದಲ್ಲಿರುತ್ತವೆ, ಇದಕ್ಕೆ ಕಡತದಲ್ಲಿ ಜಾಗವಿಲ್ಲ, ಗಾತ್ರದ ಉಲ್ಲೇಖ ಮಾತ್ರ. ಬಿಎಸ್‌ಎಸ್ ಆದ ಮೇಲೆ ಹೀಪ್, ಅಂದರೆ ಪ್ರೋಗ್ರಾಂ ಓಡುವಾಗ ಬೇಕಾದಂತೆ ಪಡೆಯುವ ಮೆಮೊರಿ. ಅನ್‌ಎಕ್ಸೆಕ್ ಮಾಡುವುದೇನೆಂದರೆ, ಡೇಟಾ ಭಾಗವನ್ನು ಹಿಗ್ಗಿಸಿ ಬಿಎಸ್‌ಎಸ್ ಮತ್ತು ಹೀಪ್ ಎರಡನ್ನೂ ಅದರೊಳಗೆ ಸೇರಿಸಿಕೊಳ್ಳುತ್ತದೆ, ಮೆಮೊರಿಯಲ್ಲಿ ಆಗ ಇರುವ ಬೈಟುಗಳನ್ನೇ ಕಡತಕ್ಕೆ ಬರೆಯುತ್ತದೆ, ಪ್ರೋಗ್ರಾಂ ಹೆಡರುಗಳನ್ನು ಹೊಸ ಗಾತ್ರಕ್ಕೆ ತಿದ್ದುತ್ತದೆ. ಲೈಬ್ರರಿಗಳನ್ನು ಪ್ರೋಗ್ರಾಮಿಗೆ ಜೋಡಿಸುವ ಡೈನಾಮಿಕ್ ಲಿಂಕರ್ ಓಡುವಾಗ ತುಂಬಿಟ್ಟ ವಿಳಾಸಗಳು ಹೊಸ ಕಡತಕ್ಕೆ ಹೋದರೆ ಅನರ್ಥವಾಗುತ್ತದೆ. ಅಂಥ ಜಾಗಗಳಿಗೆ ಮೂಲ ಕಡತದ ಬೈಟುಗಳನ್ನೇ ಮತ್ತೆ ಹಾಕಬೇಕು.

ಹೊಸ ಕಡತ ಓಡಿದಾಗ ‘ಮೇನ್’ ಮೊದಲಿನಿಂದಲೇ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಸ್ಟ್ಯಾಕ್, ರಿಜಿಸ್ಟರುಗಳು, ತೆರೆದ ಕಡತಗಳು, ಸಾಕೆಟ್‌ಗಳು ಯಾವುವೂ ಉಳಿದಿರುವುದಿಲ್ಲ. ಜಾಗತಿಕ ಚರಗಳು ಮತ್ತು ಹೀಪ್ ಮಾತ್ರ ತುಂಬಿಕೊಂಡಿರುತ್ತವೆ. ಅದಕ್ಕಾಗಿಯೇ ಈಮ್ಯಾಕ್ಸ್‌ನಲ್ಲಿ ‘ಇನಿಶಿಯಲೈಸ್ಡ್’ ಎಂಬ ಚರವಿದೆ. ಒಮ್ಮೆ ಮಾತ್ರ ಮಾಡಬೇಕಾದ ಸಿದ್ಧತೆ ಯಾವುದು, ಪ್ರತಿ ಸಲ ಮಾಡಬೇಕಾದದ್ದು ಯಾವುದು ಎಂದು ಅಲ್ಲಿನ ಸಿ ಕೋಡ್ ಅಚ್ಚುಕಟ್ಟಾಗಿ ಎರಡು ಬಗೆಯ ಕಾರ್ಯಗಳಾಗಿ ಒಡೆದುಕೊಂಡಿದೆ. ನಿಮ್ಮ ಪ್ರೋಗ್ರಾಮಿಗೆ ಯಾವ ದಾರಿ ಹಿಡಿದರೂ ಈ ಒಡಕು ಬೇಕೇ ಬೇಕು.

ತುಂಗಾತೀರ

ಎಲ್ಫ್‌ಓದುಗ ಅವರೇ, ಬಹಳ ಸ್ಪಷ್ಟವಾಯಿತು. ಆದರೆ ಮೆಮೊರಿ ಅಷ್ಟು ನಿಷ್ಠೆಯಿಂದ ಕಡತಕ್ಕೆ ಬರುತ್ತದೆ ಎಂದಾದರೆ ‘ಮಾಡಬೇಡಿ’ ಎಂದಿರೇಕೆ? ನನ್ನದು ಒಂದೇ ಥ್ರೆಡ್, ಸಾಕೆಟ್ ಇಲ್ಲ, ಪದಪಟ್ಟಿಯ ಕಡತವನ್ನು ಓದಿ ಮುಚ್ಚಿಬಿಟ್ಟಿರುತ್ತೇನೆ.

ಹೀಪ್‌ಕಾವಲು

ನಾನು ಉತ್ತರಿಸುತ್ತೇನೆ. ನಿಮ್ಮ ಟ್ರೈನ ಗಂಟುಗಳನ್ನು (ನೋಡ್‌ಗಳನ್ನು) ಮೆಮೊರಿ ಕೊಡುವ ಸಿ ಕಾರ್ಯವಾದ ‘ಮ್ಯಾಲಕ್’ನಿಂದ ಪಡೆದಿದ್ದೀರಿ. ಯಾವ ತುಂಡು ಬಳಕೆಯಲ್ಲಿದೆ, ಯಾವುದು ಖಾಲಿ ಎಂಬ ಮ್ಯಾಲಕ್‌ನ ವಿವರ ಎಲ್ಲಿದೆ? ಅದರ ಬುಡ ಸಿ ಲೈಬ್ರರಿಯ ಸ್ವಂತ ಡೇಟಾ ವಿಭಾಗದಲ್ಲಿದೆ, ನಿಮ್ಮ ಪ್ರೋಗ್ರಾಮಿನಲ್ಲಿಲ್ಲ. ಲೈಬ್ರರಿ ಹಂಚಿಕೆಯದ್ದು, ಪ್ರತಿ ಸಲ ಹೊಸದಾಗಿ ಲೋಡ್ ಆಗುತ್ತದೆ. ಕಣಜದ ಧಾನ್ಯವೆಲ್ಲ ಹೊಸ ಮನೆಗೆ ಬಂತು, ಲೆಕ್ಕದ ಪುಸ್ತಕ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಹೊಸ ಕಡತ ಓಡಿದಾಗ ಹಳೆಯ ಗಂಟೊಂದನ್ನು ‘ಫ್ರೀ’ ಮಾಡಿ ಮರಳಿಸಿದಿರೋ, ಮ್ಯಾಲಕ್‌ಗೆ ಅದರ ಪರಿಚಯವೇ ಇರುವುದಿಲ್ಲ.

ಇದಕ್ಕಾಗಿ ಗ್ನೂ ಸಿ ಲೈಬ್ರರಿ ಎರಡು ವಿಶೇಷ ಕಾರ್ಯಗಳನ್ನು ಇಟ್ಟುಕೊಂಡಿತ್ತು. ಒಂದು ಮ್ಯಾಲಕ್‌ನ ಒಳಸ್ಥಿತಿಯನ್ನು ಹೊರತೆಗೆದು ಕೊಡುವುದು, ಇನ್ನೊಂದು ಹೊಸ ಓಟದ ಆರಂಭದಲ್ಲಿ ಅದನ್ನು ಮತ್ತೆ ಒಳಗಿಡುವುದು. ಇವನ್ನು ಬಳಸುತ್ತಿದ್ದದ್ದು ಹೆಚ್ಚುಕಡಿಮೆ ಈಮ್ಯಾಕ್ಸ್ ಒಂದೇ. ಆ ಒಂದು ಪ್ರೋಗ್ರಾಮಿಗಾಗಿ ಮ್ಯಾಲಕ್‌ನ ಒಳರಚನೆಯನ್ನು ಮುಟ್ಟದೆ ಕಾಪಾಡಬೇಕಾಗಿತ್ತು. 2016ರ ಆರಂಭದಲ್ಲಿ ಲೈಬ್ರರಿಯವರು ಇನ್ನು ಇದನ್ನು ಹೊತ್ತುಕೊಂಡು ಹೋಗಲಾರೆವು ಎಂದರು. 2017ರ 2.25 ಆವೃತ್ತಿಯಲ್ಲಿ ಆ ಕಾರ್ಯಗಳು ಹೊಸ ಪ್ರೋಗ್ರಾಮುಗಳಿಗೆ ಇಲ್ಲವಾದವು. ಆಗಲೇ ಕಟ್ಟಿಟ್ಟ ಈಮ್ಯಾಕ್ಸ್ ಕಡತಗಳು ಮುರಿಯದಂತೆ ಮಾತ್ರ ನೋಡಿಕೊಂಡರು. 2021ರ 2.34ರಲ್ಲಿ ಮ್ಯಾಲಕ್‌ನ ಕೆಲಸದ ನಡುವೆ ನಮ್ಮ ಕೋಡನ್ನು ಸೇರಿಸಲು ಇದ್ದ ಹುಕ್‌ಗಳೂ ಹೋದವು. ಲೈಬ್ರರಿಯವರ ನಿರ್ಧಾರ ನೂರಕ್ಕೆ ನೂರು ಸರಿ ಎನ್ನುವವನು ನಾನು. ಕೋಟ್ಯಂತರ ಪ್ರಕ್ರಿಯೆಗಳು ನಿತ್ಯ ಬಳಸುವ ಮ್ಯಾಲಕ್ ವೇಗವಾಗಬೇಕು, ಸುರಕ್ಷಿತವಾಗಬೇಕು. ಒಬ್ಬರು ಅದರ ಹೊಟ್ಟೆಯೊಳಗಿನ ವಿನ್ಯಾಸವನ್ನು ಡಿಸ್ಕಿಗೆ ಬರೆದಿಟ್ಟುಕೊಂಡಿದ್ದಾರೆಂದು ಉಳಿದವರೆಲ್ಲ ಕಾಯುವಂತಿಲ್ಲ.

ಇನ್ನೂ ತೊಡಕುಗಳಿವೆ. ದೊಡ್ಡ ತುಂಡುಗಳನ್ನು ಮ್ಯಾಲಕ್ ಹೀಪ್‌ನಿಂದ ಕೊಡದೆ ‘ಎಂಮ್ಯಾಪ್’ ಎಂಬ ಕರ್ನಲ್ ಕರೆಯ ಮೂಲಕ ಬೇರೆಲ್ಲೋ ಕೊಡುತ್ತದೆ. ಅನ್‌ಎಕ್ಸೆಕ್‌ನ ಸರಳ ಬಲೆಗೆ ಅವು ಬೀಳುವುದೇ ಇಲ್ಲ. ಬಿಎಸ್‌ಎಸ್‌ನ ಒಡನೆಯೇ ಹೀಪ್ ಇರಬೇಕೆಂಬ ಊಹೆಯನ್ನು ಪ್ರತಿ ಓಟದಲ್ಲೂ ಮೆಮೊರಿಯ ಜಾಗಗಳನ್ನು ಬದಲಿಸುವ ವಿಳಾಸ ಚದುರಿಕೆ, ಅಂದರೆ ಎಎಸ್‌ಎಲ್‌ಆರ್, ಒಡೆದುಹಾಕಿತು. ಈಮ್ಯಾಕ್ಸ್ ಡಂಪ್ ಮಾಡುವ ಮೊದಲು ‘ಪರ್ಸನಾಲಿಟಿ’ ಎಂಬ ಕರೆಯಿಂದ ಚದುರಿಕೆಯನ್ನು ನಿಲ್ಲಿಸಿ ತನ್ನನ್ನೇ ಮತ್ತೊಮ್ಮೆ ಓಡಿಸಿಕೊಳ್ಳುತ್ತಿತ್ತು. ಎಲ್ಲಿ ಲೋಡ್ ಆದರೂ ಓಡಬಲ್ಲ ಪಿಐಇ ರೂಪದಲ್ಲಿ ಅದನ್ನು ಕಟ್ಟುವಂತೆಯೇ ಇರಲಿಲ್ಲ, ಏಕೆಂದರೆ ಕಡತದ ತುಂಬ ಇರುವುದು ನಿಜ ವಿಳಾಸಗಳು. ಸಾಲದ್ದಕ್ಕೆ ಪ್ರತಿ ವ್ಯವಸ್ಥೆಗೂ ಬೇರೆ ಅನ್‌ಎಕ್ಸೆಕ್: ಇಎಲ್‌ಎಫ್‌ಗೆ ಒಂದು, ಮ್ಯಾಕ್‌ಗೆ ಒಂದು, ವಿಂಡೋಸ್‌ಗೆ ಒಂದು, ಸಿಗ್ವಿನ್‌ಗೆ ಒಂದು, ಎಐಎಕ್ಸ್‌ಗೆ ಒಂದು. ಆಪಲ್ ಸಿಲಿಕಾನ್ ಯಂತ್ರಗಳಲ್ಲಿ ಸಹಿಯಿಲ್ಲದ ಎಕ್ಸಿಕ್ಯೂಟಬಲ್ ಓಡುವುದೇ ಇಲ್ಲ, ಆದ್ದರಿಂದ ಬರೆದ ಮೇಲೆ ಸಹಿಯನ್ನೂ ಹಾಕಬೇಕು.

ಆವರಣಪ್ರಿಯ

ಹೀಪ್‌ಕಾವಲು ಅವರ ವಿವರಗಳೆಲ್ಲ ಸರಿ, ಆದರೆ ಓದಿದವರು ಈ ಕಲ್ಪನೆಯೇ ಕೆಟ್ಟದ್ದು ಎಂದುಕೊಂಡಾರು. ಅದಕ್ಕೆ ನನ್ನ ಬಲವಾದ ವಿರೋಧವಿದೆ. ಲಿಸ್ಪ್ ಜಗತ್ತಿನಲ್ಲಿ ನಾವು ಇದನ್ನು ದಿನನಿತ್ಯ ಮಾಡುತ್ತೇವೆ. ಎಸ್‌ಬಿಸಿಎಲ್ ಎಂಬ ಲಿಸ್ಪ್‌ನಲ್ಲಿ ‘ಸೇವ್-ಲಿಸ್ಪ್-ಆ್ಯಂಡ್-ಡೈ’ ಎಂದು ಕರೆದು, ಎಕ್ಸಿಕ್ಯೂಟಬಲ್ ಬೇಕು ಎಂದು ಸೂಚಿಸಿದರೆ ಸಾಕು. ಆಗ ಇರುವ ಎಲ್ಲ ಕಾರ್ಯಗಳು, ಪಟ್ಟಿಗಳು, ಹ್ಯಾಶ್ ಕೋಷ್ಟಕಗಳು ಒಂದೇ ಕಡತವಾಗಿ ಹೊರಬರುತ್ತವೆ. ಕ್ಲೋಜರ್ ಸಿಎಲ್ ಎಂಬ ಇನ್ನೊಂದು ಲಿಸ್ಪ್‌ನಲ್ಲಿ ಇದೇ ಕೆಲಸಕ್ಕೆ ‘ಸೇವ್-ಅಪ್ಲಿಕೇಶನ್’ ಇದೆ. ಸ್ಮಾಲ್‌ಟಾಕ್ ಭಾಷೆಯಲ್ಲಂತೂ ಪ್ರೋಗ್ರಾಂ ಎಂದರೆ ಹೀಗೆ ಉಳಿಸಿಟ್ಟ ಮೆಮೊರಿಯ ಇಮೇಜೇ.

ಅಲ್ಲಿ ಇದು ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣ ಒಂದೇ: ಮೆಮೊರಿ ಪ್ರೋಗ್ರಾಮನ್ನು ಓಡಿಸುವ ರನ್‌ಟೈಮ್‌ನ ಸ್ವಂತದ್ದು. ಮೆಮೊರಿಯ ಯಾವ ತುಂಡು ಪಾಯಿಂಟರ್ (ವಿಳಾಸ), ಯಾವುದು ಬರಿಯ ಸಂಖ್ಯೆ ಎಂದು ಬಳಕೆಯಿಲ್ಲದ ಮೆಮೊರಿಯನ್ನು ಮರಳಿ ಪಡೆಯುವ ಕಸ ಸಂಗ್ರಾಹಕಕ್ಕೆ ಗೊತ್ತು. ಎಸ್‌ಬಿಸಿಎಲ್ ಉಳಿಸುವ ಮೊದಲು ಬೇರೆ ಥ್ರೆಡ್‌ಗಳಿವೆಯೇ ಎಂದು ನೋಡುತ್ತದೆ, ಇದ್ದರೆ ಉಳಿಸಲು ಒಪ್ಪುವುದಿಲ್ಲ. ಸ್ಟ್ಯಾಕನ್ನು ಬಿಚ್ಚಿಹಾಕುತ್ತದೆ, ಕಸ ಗುಡಿಸುತ್ತದೆ, ಜೀವಂತ ವಸ್ತುಗಳನ್ನು ಮಾತ್ರ ಬರೆಯುತ್ತದೆ. ಉಳಿಸುವ ಮೊದಲು ಓಡುವ ಹುಕ್‌ಗಳೂ ಹೊಸ ಕಡತ ಶುರುವಾದಾಗ ಓಡುವ ಹುಕ್‌ಗಳೂ ಇವೆ. ಕಡತ ಮುಚ್ಚುವುದು, ಸಂಪರ್ಕ ಮತ್ತೆ ತೆರೆಯುವುದು ಇಂಥವನ್ನೆಲ್ಲ ಅಲ್ಲಿ ಮಾಡಬೇಕು. ಒಂದು ಎಚ್ಚರ: ಸಿ ಲೈಬ್ರರಿಗಳ ಮೂಲಕ ಪಡೆದ ಮೆಮೊರಿ ಉಳಿಯುವುದಿಲ್ಲ. ಅದರತ್ತ ತೋರುವ ಪಾಯಿಂಟರ್ ಹೊಸ ಓಟದಲ್ಲಿ ಕುರುಡು.

ಹೀಪ್‌ಕಾವಲು

ಆವರಣಪ್ರಿಯ ಅವರೇ, ನಾವಿಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದೇವೆ. ತನ್ನದಲ್ಲದ ಮೆಮೊರಿಯನ್ನು ಉಳಿಸಲು ಹೋದದ್ದೇ ಅನ್‌ಎಕ್ಸೆಕ್‌ನ ದೋಷ. ಪ್ರಶ್ನೆ ಕೇಳಿದವರ ಪ್ರೋಗ್ರಾಂ ಸಿ ಭಾಷೆಯದು, ಅಲ್ಲಿ ಎಂಟು ಬೈಟುಗಳನ್ನು ನೋಡಿ ಅದು ವಿಳಾಸವೋ ಸಂಖ್ಯೆಯೋ ಎಂದು ಹೇಳಬಲ್ಲವರು ಯಾರೂ ಇಲ್ಲ.

ಎಲ್ಫ್‌ಓದುಗ

ಈಮ್ಯಾಕ್ಸ್ ಕೊನೆಗೆ ಹಿಡಿದ ದಾರಿಯೂ ಇದನ್ನೇ ಹೇಳುತ್ತದೆ. ಡೇನಿಯಲ್ ಕೊಲಾಷಿಯೋನೆ ಬರೆದ ‘ಪೋರ್ಟಬಲ್ ಡಂಪರ್’ 2019ರ ಜನವರಿಯಲ್ಲಿ ಮುಖ್ಯ ಶಾಖೆಗೆ ಸೇರಿತು, 2020ರ ಆಗಸ್ಟ್‌ನಲ್ಲಿ ಬಂದ 27.1 ಆವೃತ್ತಿಯಲ್ಲಿ ಬಳಕೆದಾರರ ಕೈಸೇರಿತು. ಅದು ಪುಟಗಳನ್ನು ನಕಲು ಮಾಡುವುದಿಲ್ಲ. ಲಿಸ್ಪ್ ವಸ್ತುಗಳನ್ನು ಒಂದೊಂದಾಗಿ ನಡೆದು ನೋಡಿ ಪ್ರತ್ಯೇಕ ಡಂಪ್ ಕಡತಕ್ಕೆ ಬರೆಯುತ್ತದೆ, ಎಲ್ಲೆಲ್ಲಿ ವಿಳಾಸ ತಿದ್ದಬೇಕು ಎಂಬ ಪಟ್ಟಿಯನ್ನೂ ಜೊತೆಗಿಡುತ್ತದೆ. ಶುರುವಾದಾಗ ಕಡತವನ್ನು ಮೆಮೊರಿಗೆ ಮ್ಯಾಪ್ ಮಾಡಿ ಆ ಪಟ್ಟಿಯಂತೆ ತಿದ್ದಿಕೊಳ್ಳುತ್ತದೆ. ವಿಳಾಸವನ್ನೇ ಕೀಲಿಯಾಗಿ ಬಳಸಿದ ಹ್ಯಾಶ್ ಕೋಷ್ಟಕಗಳು ಮಾತ್ರ ಜಾಗ ಬದಲಾದೊಡನೆ ಕೆಲಸಕ್ಕೆ ಬಾರದಂತಾಗುತ್ತವೆ. ಅವನ್ನು ಮತ್ತೆ ಹ್ಯಾಶ್ ಮಾಡಲೇಬೇಕು. ಡಂಪ್ ಕಡತ ಮತ್ತು ಎಕ್ಸಿಕ್ಯೂಟಬಲ್ ಎರಡರಲ್ಲೂ ಒಂದೇ ಬೆರಳಚ್ಚು ಇರುತ್ತದೆ, ಹೊಂದದಿದ್ದರೆ ಲೋಡ್ ಮಾಡುವುದಿಲ್ಲ. ಈಮ್ಯಾಕ್ಸ್‌ನಿಂದ ಕವಲೊಡೆದ ಎಕ್ಸ್‌ಈಮ್ಯಾಕ್ಸ್‌ನವರು ಇಂಥದೊಂದು ಡಂಪರನ್ನು ಬಹಳ ಮೊದಲೇ ಮಾಡಿಕೊಂಡಿದ್ದರು. ಈಮ್ಯಾಕ್ಸ್ 31ರ ಮೂಲದಿಂದ ಅನ್‌ಎಕ್ಸೆಕ್ ಪೂರ್ತಿಯಾಗಿ ಹೊರಬಿದ್ದಿದೆ.

ಅಚ್ಚುಮೊಳೆ

ಇಲ್ಲಿ ಯಾರೂ ಅಕ್ಷರ ಜೋಡಣೆಯ ಪ್ರೋಗ್ರಾಮಾದ ಟೆಕ್ ಬಗ್ಗೆ ಹೇಳಲಿಲ್ಲ, ಅದೇ ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಉದಾಹರಣೆ.

ಡೊನಾಲ್ಡ್ ನೂತ್ ಅವರ ಟೆಕ್‌ಗೂ ಇದೇ ತೊಂದರೆ ಇತ್ತು. ಮ್ಯಾಕ್ರೊಗಳನ್ನು ಓದಬೇಕು, ಫಾಂಟಿನ ಅಳತೆಗಳನ್ನು ಓದಬೇಕು, ಪದ ಒಡೆಯುವ ವಿನ್ಯಾಸಗಳನ್ನು ಟ್ರೈ ಆಗಿ ಕಟ್ಟಬೇಕು. ಹೌದು, ನಿಮ್ಮ ಹಾಗೆಯೇ ಟ್ರೈ. ಇನಿಟೆಕ್ ಎಂಬ ರೂಪದಲ್ಲಿ ಅದನ್ನು ಓಡಿಸಿ, ಎಲ್ಲ ಓದಿಸಿ, ಡಂಪ್ ಎಂದರೆ ಒಂದು ಫಾರ್ಮ್ಯಾಟ್ ಕಡತ ಹುಟ್ಟುತ್ತದೆ. ಮುಂದಿನ ಓಟ ಆ ಕಡತವನ್ನು ಓದಿಕೊಂಡರೆ ಸಾಕು. ನೂತ್ ಅವರು ಟೆಕ್‌ನಲ್ಲಿ ಪಾಯಿಂಟರುಗಳನ್ನೇ ಬಳಸಲಿಲ್ಲ. ಇಡೀ ಮೆಮೊರಿ ಅವರೇ ಘೋಷಿಸಿದ ಸರಣಿಗಳು, ಗಂಟಿನಿಂದ ಗಂಟಿಗೆ ಹೋಗುವುದು ಸರಣಿಯ ಕ್ರಮಸಂಖ್ಯೆಯ ಮೂಲಕ. ಕ್ರಮಸಂಖ್ಯೆಗೆ ವಿಳಾಸದ ಹಂಗಿಲ್ಲ. ಕಡತ ಬೇರೆ ಪ್ರೋಗ್ರಾಮಿನದಾಗಿದ್ದರೆ ಗೊತ್ತಾಗಲೆಂದು ಪರಿಶೀಲನಾ ಸಂಖ್ಯೆಯನ್ನೂ ಸರಣಿಗಳ ಗಾತ್ರಗಳನ್ನೂ ಅದರಲ್ಲಿ ಬರೆದಿಟ್ಟರು. ನಲವತ್ತು ವರ್ಷಗಳ ಮೇಲೂ ಅದು ಅಲುಗದೆ ನಿಂತಿದೆ.

ಯುನಿಕ್ಸ್‌ನಲ್ಲಿ ಟೆಕ್ ಬಳಸುತ್ತಿದ್ದ ಕೆಲವರು ಅಷ್ಟಕ್ಕೂ ತೃಪ್ತರಾಗದೆ ‘ಅನ್‌ಡಂಪ್’ ಎಂಬ ಉಪಕರಣ ಬಳಸುತ್ತಿದ್ದರು. ಪ್ರೋಗ್ರಾಮಿನ ಮೆಮೊರಿಯನ್ನು ಕೋರ್ ಡಂಪ್ ಮಾಡಿಸಿ, ಆ ಕೋರ್ ಕಡತವನ್ನೂ ಮೂಲ ಎಕ್ಸಿಕ್ಯೂಟಬಲ್ಲನ್ನೂ ಸೇರಿಸಿ ಹೊಸದನ್ನು ಕಟ್ಟುವುದು ಅದರ ಕೆಲಸ. ಪರ್ಲ್ ಭಾಷೆಯ ‘ಡಂಪ್’ ಕಾರ್ಯವೂ ಮುಖ್ಯವಾಗಿ ಇದಕ್ಕೇ ಹುಟ್ಟಿದ್ದು. ಫಾರ್ಮ್ಯಾಟ್ ಕಡತ ಇಂದಿಗೂ ಟೆಕ್ ಮೇಲೆ ಕಟ್ಟಿದ ಲೇಟೆಕ್‌ನ ಪ್ರತಿ ಸ್ಥಾಪನೆಯಲ್ಲಿದೆ, ಅನ್‌ಡಂಪ್ ಈಗ ಯಾರ ಕೈಯಲ್ಲೂ ಇಲ್ಲ.

ತುಂಗಾತೀರ

ಇದು ಕಣ್ಣು ತೆರೆಸಿತು. ಒಂದು ಅನುಮಾನ ಉಳಿದಿದೆ. ಕ್ರಿಯು ಎಂಬ ಉಪಕರಣ ಇಡೀ ಪ್ರಕ್ರಿಯೆಯನ್ನೇ ಹಿಡಿದಿಟ್ಟು ಮತ್ತೆ ಎಬ್ಬಿಸುತ್ತದೆಯಂತೆ. ಅದರಿಂದ ಆಗದೇ?

ಹೀಪ್‌ಕಾವಲು

ಕ್ರಿಯು ಅದ್ಭುತ ಕೆಲಸ, ಆದರೆ ಅದರ ಗುರಿ ಬೇರೆ. ತೆರೆದ ಕಡತಗಳು, ಪೈಪ್‌ಗಳು, ಪ್ರಕ್ರಿಯೆಯ ಸಂಖ್ಯೆ ಸಮೇತ ಎಲ್ಲವನ್ನೂ ಅದು ಹಾಗೆಯೇ ಮರಳಿಸುತ್ತದೆ. ಕಂಟೈನರುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲು ಹೇಳಿಮಾಡಿಸಿದ್ದು. ಅದು ಕೊಡುವುದು ಹಲವು ಇಮೇಜ್ ಕಡತಗಳ ಗುಂಪು, ಎಕ್ಸಿಕ್ಯೂಟಬಲ್ ಅಲ್ಲ. ಎಬ್ಬಿಸುವ ಕಡೆ ಅದೇ ಲೈಬ್ರರಿ ಕಡತಗಳಿರಬೇಕು, ವಿಶೇಷ ಅನುಮತಿಯೂ ಬೇಕು. ನಿಮ್ಮ ಪದಪರೀಕ್ಷಕವನ್ನು ಶಾಲೆಯೊಂದರ ಕಂಪ್ಯೂಟರಿಗೆ ಹಾಕಿಕೊಡುವಾಗ ಇದೆಲ್ಲ ಹೊಂದುವುದಿಲ್ಲ.

ಬೀಗದಕೈ

ಸುರಕ್ಷತೆಯ ಮಾತೊಂದನ್ನು ಸೇರಿಸಲೇಬೇಕು. ಇಡೀ ಮೆಮೊರಿಯನ್ನು ಉಳಿಸುವಾಗ ಅದರಲ್ಲಿ ಏನೇನಿತ್ತೋ ಎಲ್ಲವೂ ಕಡತಕ್ಕೆ ಹೋಗುತ್ತದೆ: ಪರಿಸರ ಚರಗಳಿಂದ ಓದಿಕೊಂಡ ಗುಪ್ತಪದ, ನಿಮ್ಮ ಮನೆ ಡೈರೆಕ್ಟರಿಯ ಹಾದಿ, ‘ಫ್ರೀ’ ಮಾಡಿದ್ದರೂ ಅಳಿಸದೆ ಉಳಿದ ಬೈಟುಗಳು. ಆ ಕಡತವನ್ನು ಹಂಚಿದರೆ ಅವನ್ನೂ ಹಂಚಿದಂತೆ.

ಅದಕ್ಕಿಂತ ಸೂಕ್ಷ್ಮವಾದದ್ದು ಯಾದೃಚ್ಛಿಕ ಸಂಖ್ಯೆಗಳ ಬೀಜ. ಬೀಜ ಬಿತ್ತಿದ ಮೇಲೆ ಸ್ಥಿತಿಯನ್ನು ಉಳಿಸಿದರೆ ಆ ಕಡತದ ಪ್ರತಿ ಓಟದಲ್ಲೂ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ. ಜಾವಾ ಪ್ರೋಗ್ರಾಮುಗಳನ್ನು ಎಕ್ಸಿಕ್ಯೂಟಬಲ್ ಆಗಿಸುವ ಗ್ರಾಲ್‌ವಿಎಂ ನೇಟಿವ್ ಇಮೇಜ್ ಕೂಡ ಕಟ್ಟುವಾಗಲೇ ಸಿದ್ಧಪಡಿಸಿದ ವಸ್ತುಗಳನ್ನು ಕಡತದೊಳಗಿನ ಹೀಪ್‌ನಲ್ಲಿ ಇಡುತ್ತದೆ. ಅದರಲ್ಲಿ ರ‍್ಯಾಂಡಮ್ ವರ್ಗದ ವಸ್ತು ಕಂಡರೆ ಕಟ್ಟುವುದನ್ನೇ ನಿಲ್ಲಿಸಿ ದೋಷ ತೋರಿಸುತ್ತದೆ. ಪದಪರೀಕ್ಷಕದಲ್ಲಿ ಇದರಿಂದ ಹಾನಿಯಿಲ್ಲದಿರಬಹುದು, ಆದರೆ ಈ ಚರ್ಚೆಯನ್ನು ಓದಿ ಸರ್ವರ್ ಪ್ರೋಗ್ರಾಮಿಗೆ ಇದನ್ನು ಅನ್ವಯಿಸುವವರು ದಯವಿಟ್ಟು ನೆನಪಿಡಿ.

ಅಚ್ಚುಮೊಳೆ

ತುಂಗಾತೀರ ಅವರೇ, ನಿಮ್ಮ ಕೆಲಸಕ್ಕೆ ನಾನು ಸೂಚಿಸುವ ದಾರಿ ಹೀಗಿದೆ. ಪ್ರೋಗ್ರಾಮನ್ನು ಎರಡಾಗಿ ಒಡೆಯಿರಿ, ಕಟ್ಟುವುದು ಒಂದು, ಹುಡುಕುವುದು ಇನ್ನೊಂದು. ಕಟ್ಟುವ ಪ್ರೋಗ್ರಾಂ ಟ್ರೈನ ಗಂಟುಗಳನ್ನೆಲ್ಲ ಒಂದೇ ಸರಣಿಯಲ್ಲಿ ಇಡಲಿ, ಮಕ್ಕಳತ್ತ ತೋರಲು ಪಾಯಿಂಟರ್ ಬೇಡ, 32 ಬಿಟ್‌ಗಳ ಕ್ರಮಸಂಖ್ಯೆ ಸಾಕು. 64 ಬಿಟ್ ಯಂತ್ರದಲ್ಲಿ ಇದರಿಂದ ಕೊಂಡಿಗಳ ಗಾತ್ರವೂ ಅರ್ಧವಾಗುತ್ತದೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಸಂಕೇತವೂ ಮೂರು ಬೈಟು ತಿನ್ನುತ್ತದೆ, ಅದರಲ್ಲಿ ಮೊದಲ ಬೈಟು ಯಾವಾಗಲೂ ಒಂದೇ. ಆದರೆ ಯೂನಿಕೋಡ್‌ನಲ್ಲಿ ಕನ್ನಡಕ್ಕಿರುವ ವಿಭಾಗದಲ್ಲಿ ಒಟ್ಟು 128 ಸ್ಥಾನಗಳು. ವಿಭಾಗದ ಆರಂಭದ ಬೆಲೆಯನ್ನು ಕಳೆದರೆ ಪ್ರತಿ ಸಂಕೇತ ಒಂದು ಬೈಟಿನಲ್ಲಿ ಕೂರುತ್ತದೆ, ಇನ್ನೂ 128 ಬೆಲೆಗಳು ಖಾಲಿ ಉಳಿಯುತ್ತವೆ. ‘ಲಿನಕ್ಸ್‌ನಲ್ಲಿ’ ಎಂದು ಬರೆಯುವಾಗ ನಡುವೆ ಬರುವ ಅಗಲವಿಲ್ಲದ ನಾನ್‌ಜಾಯ್ನರ್, ‘ರ‍್ಯಾಂಕ್’ ಎಂಬಲ್ಲಿ ಬರುವ ಜಾಯ್ನರ್ ಈ ವಿಭಾಗದ ಹೊರಗಿನವು. ಖಾಲಿ ಉಳಿದ ಬೆಲೆಗಳಲ್ಲಿ ಎರಡನ್ನು ಅವಕ್ಕೆ ಕೊಡಿ. ಕಟ್ಟುವ ಮುನ್ನ ಪದಗಳನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದನ್ನು ಮರೆಯಬೇಡಿ. ಒತ್ವದ ಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಎರಡು ಸಂಕೇತಗಳಾಗಿಯೂ ಬರಬಹುದು.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಟ್ರೈ ಪದಗಳ ತಲೆಯನ್ನಷ್ಟೇ ಹಂಚಿಕೊಳ್ಳುತ್ತದೆ, ಕನ್ನಡದಲ್ಲಿ ಹಂಚಿಕೆಯಾಗುವುದು ಬಾಲ. ಮರಗಳಲ್ಲಿ, ಊರುಗಳಲ್ಲಿ, ಕೆರೆಗಳಲ್ಲಿ ಎಲ್ಲಕ್ಕೂ ‘ಗಳಲ್ಲಿ’ ಒಂದೇ. ಒಂದೇ ಬಗೆಯ ಬಾಲಗಳನ್ನು ಬೆಸೆದು ಟ್ರೈಯನ್ನು ಡಿಎಡಬ್ಲ್ಯೂಜಿ ಎಂಬ ಕನಿಷ್ಠ ಗಾತ್ರದ ಜಾಲವಾಗಿಸಿದರೆ ಗಂಟುಗಳ ಸಂಖ್ಯೆ ಬಹಳ ಇಳಿಯುತ್ತದೆ. ಬಾಲ ಹಂಚಿಕೆಯಾದ ಮೇಲೆ ಪದಕ್ಕೊಂದು ವಿವರವನ್ನು ಗಂಟಿನಲ್ಲೇ ಇಡಲಾಗದು, ಆದರೆ ಪದ ಸರಿಯೇ ತಪ್ಪೇ ಎಂದು ನೋಡುವುದಕ್ಕೆ ಅದು ಬೇಕಾಗಿಲ್ಲ.

ಎಲ್ಫ್‌ಓದುಗ

ಅಚ್ಚುಮೊಳೆ ಅವರ ಮಾತಿಗೆ ಕೊನೆಯ ಕೊಂಡಿಯನ್ನು ನಾನು ಹಾಕುತ್ತೇನೆ, ಏಕೆಂದರೆ ತುಂಗಾತೀರ ಅವರು ಕೇಳಿದ್ದು ಹೊಸ ಎಕ್ಸಿಕ್ಯೂಟಬಲ್. ಆ ಸರಣಿಯನ್ನು ಕಡತಕ್ಕೆ ಬರೆದ ಮೇಲೆ ಅಸೆಂಬ್ಲರಿನ ‘ಇನ್‌ಬಿನ್’ ಸೂಚನೆಯಿಂದ ಪ್ರೋಗ್ರಾಮಿನೊಳಗೇ ಸೇರಿಸಬಹುದು. ಸಿ ಭಾಷೆಯ ಮಾನಕವಾದ ಸಿ23ರ ‘ಎಂಬೆಡ್’ ಸೂಚನೆಯೂ ಇದೇ ಕೆಲಸ ಮಾಡುತ್ತದೆ, ಜಿಸಿಸಿ 15 ಮತ್ತು ಕ್ಲ್ಯಾಂಗ್ 19 ಕಂಪೈಲರುಗಳಲ್ಲಿ ಇದೆ. ಓದಲು ಮಾತ್ರ ಎಂದು ಘೋಷಿಸಿ. ಸರಣಿಯಲ್ಲಿ ಪಾಯಿಂಟರುಗಳಿದ್ದಿದ್ದರೆ ಪಿಐಇ ಕಡತದಲ್ಲಿ ಪ್ರತಿಯೊಂದಕ್ಕೂ ಒಂದು ರಿಲೊಕೇಶನ್, ಅಂದರೆ ವಿಳಾಸ ತಿದ್ದುವ ಸೂಚನೆ, ಬೇಕಾಗುತ್ತಿತ್ತು, ಶುರುವಾದಾಗ ಲಿಂಕರ್ ಅವನ್ನೆಲ್ಲ ತಿದ್ದಬೇಕಿತ್ತು. ಕ್ರಮಸಂಖ್ಯೆಗಳಾದ್ದರಿಂದ ತಿದ್ದುವ ಕೆಲಸವೇ ಇಲ್ಲ. ಮುಟ್ಟಿದ ಪುಟವನ್ನು ಮಾತ್ರ ಕರ್ನಲ್ ಡಿಸ್ಕಿನಿಂದ ತರುತ್ತದೆ, ಹತ್ತು ಪ್ರಕ್ರಿಯೆಗಳು ಓಡಿದರೂ ಪುಟದ ಪ್ರತಿ ಒಂದೇ ಇರುತ್ತದೆ. ಎಎಸ್‌ಎಲ್‌ಆರ್ ಇರಲಿ, ಹೊಸ ಮ್ಯಾಲಕ್ ಬರಲಿ, ನಿಮ್ಮ ಕಡತಕ್ಕೆ ಏನೂ ಆಗುವುದಿಲ್ಲ.

ಪದಪಟ್ಟಿ ಆಗಾಗ ಬದಲಾಗುವುದಾದರೆ ಪ್ರತ್ಯೇಕ ಕಡತವಾಗಿಯೇ ಇಟ್ಟು ಎಂಮ್ಯಾಪ್ ಮಾಡಿ. ಆಗ ತಲೆಭಾಗದಲ್ಲಿ ಗುರುತಿನ ಬೈಟುಗಳು, ಆವೃತ್ತಿ, ಬೈಟುಗಳ ಕ್ರಮ, ಗಂಟುಗಳ ಸಂಖ್ಯೆ ಇರಲಿ. ಹೊಂದದ ಕಡತವನ್ನು ಒಪ್ಪಿಕೊಳ್ಳಬೇಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಕಟ್ಟುವುದನ್ನೂ ಹುಡುಕುವುದನ್ನೂ ಬೇರ್ಪಡಿಸುವ ಕೆಲಸ ಈಗಾಗಲೇ ಶುರುಮಾಡಿದ್ದೇನೆ, ಪದಪಟ್ಟಿಯನ್ನು ಪ್ರತ್ಯೇಕ ಕಡತವಾಗಿ ಇಡುತ್ತೇನೆ. ಒಂದು ಮಾತ್ರ ಕೇಳಬೇಕು: ಬಳಕೆದಾರರು ತಮ್ಮ ಊರಿನ, ಮನೆತನದ ಹೆಸರುಗಳನ್ನು ಸೇರಿಸಲು ಬಯಸುತ್ತಾರೆ. ಓದಲು ಮಾತ್ರ ಇರುವ ಸರಣಿಗೆ ಅವನ್ನು ಸೇರಿಸುವುದು ಹೇಗೆ?

ಅಚ್ಚುಮೊಳೆ

ಸೇರಿಸಬೇಡಿ. ಅವನ್ನು ಬಳಕೆದಾರರ ಡೈರೆಕ್ಟರಿಯಲ್ಲಿ ಸಾದಾ ಪಠ್ಯ ಕಡತವಾಗಿ ಇಡಿ, ಶುರುವಾದಾಗ ಓದಿ ಚಿಕ್ಕ ಹ್ಯಾಶ್ ಕೋಷ್ಟಕ ಮಾಡಿಕೊಳ್ಳಿ. ಮೊದಲು ದೊಡ್ಡ ಸರಣಿಯಲ್ಲಿ ಹುಡುಕಿ, ಸಿಗದಿದ್ದರೆ ಕೋಷ್ಟಕದಲ್ಲಿ ನೋಡಿ. ಕೆಲವು ನೂರು ಪದಗಳನ್ನು ಓದುವ ಸಮಯ ಯಾರ ಗಮನಕ್ಕೂ ಬರುವುದಿಲ್ಲ. ಆ ಹೆಸರುಗಳಿಗೂ ವಿಭಕ್ತಿಗಳು ಹತ್ತುತ್ತವೆ, ಆದ್ದರಿಂದ ಪ್ರತ್ಯಯ ಹಚ್ಚುವ ಕೋಡನ್ನು ಕಟ್ಟುವ ಪ್ರೋಗ್ರಾಮಿನಲ್ಲಿ ಮಾತ್ರ ಇಡದೆ ಎರಡೂ ಪ್ರೋಗ್ರಾಮುಗಳು ಬಳಸುವಂತೆ ಬೇರೆ ಕಡತದಲ್ಲಿ ಬರೆಯಿರಿ.